ಲಿಫ್ಟಿನ ಬಾಗಿಲ ಮೇಲಿನ ಗೀರು

ತಮ್ಮಾ,

ಹೊಳಪು ಕೊಡಲು ಡ್ರಿಲ್ಲಿಗೆ ಹಾಕುವ ಉಣ್ಣೆಯ ಬಿಲ್ಲೆಯಿಂದ ಹಿಮ್ಮಡಿ ಉಜ್ಜಿಕೊಂಡಿದ್ದೀಯ. ಇಲ್ಲ ಅನ್ನಬೇಡ, ನಿನ್ನ ಒಣಚರ್ಮ ಅದರಲ್ಲೇ ಮೆತ್ತಿಕೊಂಡಿದೆ. ಥೂ! ತಿಳಿಯದೆ ನಾನು ಲಿಫ್ಟಿನ ಬಾಗಿಲ ಮೇಲಿನ ಹೊಳಪು ವೃತ್ತಗಳ ಅಲಂಕಾರದಲ್ಲಿ ಕೊನೆಯ ಸಾಲನ್ನು ಅದರಿಂದಲೇ ಒತ್ತಿ ಮೂಡಿಸಿದೆ. ನಿನ್ನ ಕಾಲಿನ ಮರಳು ಅಲ್ಯೂಮಿನಿಯಂ ಗೀರಿ, ಬೆಕ್ಕು ಪರಚಿದ ಹಾಗಾಗಿದೆ.

ಹೊಸ ಬಿಲ್ಲೆ ತರಲು ಹೋಗಿದ್ದೇನೆ, ಬರುವುದು ಐದಾಗುತ್ತದೆ. ಹಳೆಯದನ್ನು ಕಡ್ಡಿಯಲ್ಲಿ ಎತ್ತಿ ಎಸೆ. ಮೇಜು ಒರೆಸು. ಬಾಗಿಲು ಮಾತ್ರ ಮುಟ್ಟಬೇಡ. ಊಟ ಮುಚ್ಚಿಟ್ಟಿದ್ದೇನೆ, ಕೈಕಾಲು ತೊಳೆದು ಉಣ್ಣು. ಹಿಮ್ಮಡಿಗೆ ಎಣ್ಣೆ ಕಪಾಟಿನಲ್ಲಿದೆ, ಕೇಳಿದ್ದರೆ ಕೊಡುತ್ತಿದ್ದೆ.

ನಾಲ್ಕಕ್ಕೆ ಲಿಫ್ಟಿನವರು ಬರುತ್ತಾರೆ. ಈ ಬಾಗಿಲು ಅವರಿಗೆ ಒಪ್ಪಿಗೆಯಾದರಷ್ಟೇ ಉಳಿದ ಹನ್ನೊಂದು ಬಾಗಿಲು ನಮಗೆ. ಗೀರು ಹೇಗಾಯಿತೆಂದು ಅವರಿಗೆ ನೀನೇ ಹೇಳು. ಹಿಮ್ಮಡಿಯ ಆ ಮಾತು ನನ್ನ ಬಾಯಿಂದ ಬರುವುದಿಲ್ಲ.

ಅಕ್ಕ