ಕುಡಿಯದೆ ಕೆಳಗಿಟ್ಟ ಕಹ್ವಾ

ಇಬ್ರಾ, ಒಮಾನ್
೧೬-೯-೧೯೮೮, ಶುಕ್ರವಾರ

ಪ್ರೀತಿಯ ಸೊಸೆ ದಮಯಂತಿಗೆ ನಿನ್ನ ಸಂಕಪ್ಪ ಮಾವನ ಆಶೀರ್ವಾದ.

ಹೇಗಿದ್ದಿ ಮಗಾ? ಹೊಟ್ಟೆಯೊಳಗಿನ ಪುಟ್ಟ ದೊರೆ ಹೇಗಿದ್ದಾನೆ? ನಿನ್ನ ಅಮ್ಮನ, ಅಂದರೆ ನನ್ನ ಅಕ್ಕನ, ಮಂಡಿನೋವು? ಕಪಿಲೆ ಕರು ಹಾಕಿತೇ? ಬಾವಿಕಟ್ಟೆಯ ಬಸಳೆ? ಗಂಡನ ಸುದ್ದಿ ಬರೆಯದೆ ಈ ಮುದುಕ ಬಸಳೆ ಕೇಳುತ್ತಾನಲ್ಲ ಎಂದು ಬೈಯಬೇಡ. ಇಲ್ಲಿ ಕೇಳುವ ಕ್ರಮವೇ ಹಾಗೆ. ಅದು ತಿಳಿಯದೆ ನಿನ್ನ ಗಂಡ ಕೊಗ್ಗ ಕೆಲಸ ಕೆಡಿಸಿದ.

ಮಗು ಅಡ್ಡ ತಿರುಗಿದೆ, ಬೇಗ ಬನ್ನಿ ಎಂದು ನಿನ್ನ ಟೆಲಿಗ್ರಾಂ ಬಂದದ್ದೇ ಅವನು ಕಫೀಲನ ಬಳಿ ಓಡಿದ. ಕಫೀಲ್ ಎಂದರೆ ನಮಗೆ ವೀಸಾ ಕೊಟ್ಟ ಧಣಿ ಮುಹಮ್ಮದ್. ನಾವು ದುಡಿಯುವ ಹಾರ್ಡ್‌ವೇರ್ ಅಂಗಡಿ ಅವನದು, ನಮ್ಮ ಪಾಸ್‌ಪೋರ್ಟೂ ಅವನ ಪೆಟ್ಟಿಗೆಯಲ್ಲಿ. ಧಣಿ ಜೀಪಿನಿಂದ ಇಳಿಯುವ ಮೊದಲೇ, ಒಂದು ಸಲಾಮೂ ಇಲ್ಲದೆ, ಪಾಸ್‌ಪೋರ್ಟ್ ಕೊಡು, ಊರಿಗೆ ಹೋಗಬೇಕು, ಯಲ್ಲಾ, ಬೇಗ ಬೇಗ ಎಂದನಂತೆ. ಮಂಗಳೂರಿನ ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಿದ ಹಾಗೆ! ಧಣಿಯ ಮುಖ ಕಲ್ಲಾಯಿತು. ಇನ್‌ಶಾ ಅಲ್ಲಾ ಎಂದು ಒಳಗೆ ಹೋದ. ಅವನು ಹೇಳಿದ ಧಾಟಿಗೆ ಅದು ಇಲ್ಲವೆಂದೇ ಲೆಕ್ಕ.

ಪಕ್ಕದ ಅಂಗಡಿಯ ಸಲಾಂ ಬ್ಯಾರಿ ಬಂದು, ಸಂಕಪ್ಪಣ್ಣಾ, ಇನ್ನು ನೀವೇ ಗತಿ ಎಂದ. ನಾನು ನಾಲ್ಕನೇ ಕ್ಲಾಸಾದರೇನು, ನನ್ನ ಅರಬಿ ಕೇಳಿದರೆ ಇಲ್ಲಿನ ಒಂಟೆಗಳೂ ತಲೆದೂಗುತ್ತವೆ!

ನಿನ್ನೆ ಸಂಜೆಯ ನಮಾಜು ಮುಗಿದ ಮೇಲೆ ಕೊಗ್ಗನನ್ನು ಧಣಿಯ ಮನೆಗೆ ಕರೆದೊಯ್ದೆ. ಬಾಯಿ ತೆರೆದರೆ ನಾಲಿಗೆ ಕೀಳುತ್ತೇನೆ ಎಂದು ಮೊದಲೇ ಗದರಿಸಿದ್ದೆ. ಕೂತು ಕ್ಷೇಮ ಕೇಳಿದೆ. ಅವನ ತಂದೆಯನ್ನು ಕೇಳಿದೆ, ಖರ್ಜೂರದ ಫಸಲು ಕೇಳಿದೆ, ತೋಟದ ಕಾಲುವೆಯ ನೀರನ್ನೂ ಕೇಳಿದೆ. ಕೊಗ್ಗ ಬೆವರಿ ನನ್ನ ತೊಡೆ ಚಿವುಟುತ್ತಿದ್ದ. ಆಮೇಲೆ ಕಹ್ವಾ ಬಂತು, ಏಲಕ್ಕಿ ಹಾಕಿದ, ಹಾಲಿಲ್ಲದ ಇಲ್ಲಿನ ಕಾಫಿ. ನಾನು ಕುಡಿಯದೆ ಕಪ್ಪನ್ನು ಕೆಳಗಿಟ್ಟೆ.

ಮರುಭೂಮಿಯವರ ಹಳೆಯ ಕ್ರಮ ಅದು. ಅತಿಥಿ ಕಪ್ಪು ಕೆಳಗಿಟ್ಟರೆ ಅವನಿಗೆ ಏನೋ ಬೇಕಾಗಿದೆ, ಅದು ಸಿಗದೆ ಕುಡಿಯುವುದಿಲ್ಲ ಎಂದರ್ಥ. ಆದರೆ ಒಬ್ಬ ಪರದೇಶಿ ಕೂಲಿ ಹಾಗೆ ಮಾಡಬಹುದೇ? ಧಣಿ ಕಪ್ಪು ನೋಡಿದ, ನನ್ನನ್ನು ನೋಡಿದ, ಗಡ್ಡ ಸವರಿದ. ಎದ್ದು ಹೋದನೋ, ಕೊಗ್ಗನೂ ಖಲಾಸ್, ನಾನೂ ಖಲಾಸ್. ಎದೆ ಅಕ್ಕಿ ಮಿಲ್ಲಿನ ಹಾಗೆ ಬಡಿಯುತ್ತಿತ್ತು; ಹೆದರಿಕೆಗಲ್ಲ, ಸೆಕೆಗೆ. ಕಹ್ವಾ ಆರಿತು.

ಕೊನೆಗೆ, ಕುಡಿ ಸಂಕಪ್ಪಾ ಎಂದ. ಲೌ ಸಮಹ್ತ್ ಎಂದೆ, ನೀವು ಅಪ್ಪಣೆ ಕೊಟ್ಟರೆ. ಅಲ್ಲಾ ಯ್ಖಲ್ಲೀಕ್ ಎಂದೆ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಮುಂದೆ ನಾಲ್ಕು ಮಾತು ನಮ್ಮಿಬ್ಬರಲ್ಲೇ ನಡೆಯಿತು. ಕೊಗ್ಗನಿಗೆ ಅಷ್ಟು ಅರಬಿ ಬಾರದು. ಯೋಚಿಸಿ ಹೇಳುತ್ತಿದ್ದೀಯಾ ಎಂದು ಧಣಿ ಕೇಳಿದ. ಹೌದೆಂದೆ. ಹಾಗಾದರೆ ಕುಡಿ, ಕೆಲಸ ಆಯಿತು ಎಂದ.

ಬುಧವಾರ ಕೊಗ್ಗ ಬೊಂಬಾಯಿಯ ವಿಮಾನ ಹತ್ತುತ್ತಾನೆ. ಈ ಕಾಗದ ಇವತ್ತೇ ಊರಿಗೆ ಹೊರಡುವ ನಮ್ಮ ಕಡೆಯ ಹುಡುಗ ಬಾದುಶಾನ ಕೈಯಲ್ಲಿ ಕಳಿಸಿದ್ದೇನೆ. ಧೈರ್ಯವಾಗಿರು. ಮಗು ಹುಟ್ಟಿದೊಡನೆ ಅಜ್ಜನ ಪ್ರತಾಪ ಅದರ ಕಿವಿಯಲ್ಲಿ ಹೇಳು.

ಇಬ್ರಾ ಪೇಟೆಯ ಅರಬಿ ಪಂಡಿತ,
ನಿನ್ನ ಸಂಕಪ್ಪ ಮಾವ

ತಾ.ಕ.: ನೀನು ಅಪ್ಪಣೆ ಕೊಟ್ಟರೆ, ನಿನಗೆ ತೊಂದರೆಯಾಗದಿದ್ದರೆ, ಒಂದು ಉಪಕಾರ. ಅಂಗಡಿಯಿಂದ ಈ ವರ್ಷ ಒಬ್ಬನಿಗೇ ರಜೆ, ಅದು ನನ್ನದಿತ್ತು. ಕೊಗ್ಗನಿಗೆ ತಿಳಿಸಬೇಡ. ದೀಪಾವಳಿಗೆ ನಾನು ಬರುತ್ತೇನೆಂದು ನನ್ನ ಸ್ವರ್ಣಲತಾ, ನಿನ್ನ ಅತ್ತೆ, ಮೂರು ವರ್ಷದಿಂದ ಕಾಯುತ್ತಿದ್ದಾಳೆ. ಅವಳು ನಿನ್ನನ್ನು ನೋಡಲು ಬಂದಾಗ, ಈ ಸಲ ನಾನು ಬರುವುದಿಲ್ಲವೆಂದು ನೇರ ಹೇಳಿಬಿಡಬೇಡ. ಮೊದಲು ಅವಳ ಮಲ್ಲಿಗೆ ಗಿಡ ಕೇಳು, ಸೊಂಟನೋವು ಕೇಳು. ಅವಳು ಕಷಾಯ ಮಾಡಿಕೊಟ್ಟರೆ, ಸಿಟ್ಟಿಲ್ಲ ಎನ್ನುವವರೆಗೆ ಕುಡಿಯದೆ ಕೆಳಗಿಡು. ಆರಿದರೂ ಪರವಾಗಿಲ್ಲ. ನಾನೂ ಆರಿದ್ದನ್ನೇ ಕುಡಿದೆ.