ಹನ್ನೊಂದು ಅರ್ಜಿ, ಎಪ್ಪತ್ತೆರಡು ಮಿಲಿಮೀಟರ್

ಮಾರ್ಚ್ 4, ಸೋಮವಾರ. ಬೆಳಗ್ಗೆ 6.45

ಎಂದಿನಂತೆ ಆರಕ್ಕೆ ಮುಂಚೆ ಎದ್ದು, ಕಿವಿಗೆ ಹತ್ತಿ ತುರುಕಿಕೊಂಡು ಕೂತೆ. ಆರೂಕಾಲು... ಆರೂವರೆ... ಹತ್ತಿ ತೆಗೆದು ನೋಡಿದೆ. ಸದ್ದೇ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಇಂಥ ಸೋಮವಾರ ಕಂಡಿಲ್ಲ.

ಎದುರಿನ ಬಣ್ಣದ ಕಾರ್ಖಾನೆಯ ಸ್ಟೀಮ್ ಪೈಪು ನಮ್ಮ ಬಾಲ್ಕನಿಯ ಮಟ್ಟಕ್ಕೇ, ಕಬ್ಬಿಣದ ಕಂಬಗಳ ಮೇಲೆ ಬೀದಿಯುದ್ದಕ್ಕೂ ಹೋಗುತ್ತದೆ. ಭಾನುವಾರ ಆರುತ್ತದೆ. ಸೋಮವಾರ ಕಾಯುತ್ತದೆ, ಕಾಯುವಾಗ ಕಿರುಚುತ್ತದೆ. ಈ ಸದ್ದು ನಿಲ್ಲಿಸಿ ಎಂದು ಕಾರ್ಖಾನೆಗೆ ಹನ್ನೊಂದು ಅರ್ಜಿ ಬರೆದೆ. ಐದನೆಯದಕ್ಕೆ "ಪರಿಶೀಲನೆಯಲ್ಲಿದೆ" ಎಂದು ಉತ್ತರ — ತಾರೀಖು ಸಮೇತ ನೆನಪಿದೆ. ಹನ್ನೊಂದನೆಯದಕ್ಕೆ ಬೀದಿಯವರ ನಲವತ್ತು ಸಹಿ. ನಿನ್ನೆ ವೆಲ್ಡರ್ ಬಂದು, ಬಸ್‌ಸ್ಟಾಪಿನ ಪಕ್ಕದ ಕಂಬಕ್ಕೆ, ಅದರ ಮೇಲೆ ಕೂತು ಜಾರುವ ಪೈಪಿನ ಪಾದವನ್ನು ಬೆಸೆದುಬಿಟ್ಟ. ಪ್ರಜೆ ಗೆದ್ದ.

ಮಾರ್ಚ್ 14, ಗುರುವಾರ

ಭಾವ ಬಂದಿದ್ದರು. ಅಕ್ಕನ ಗಂಡ, ಅದೇ ಕಾರ್ಖಾನೆಯ ಪೈಪ್ ಫಿಟ್ಟರ್. ಕಣ್ಣಿನ ಪೊರೆ ತೆಗೆಸಿಕೊಂಡು ಮೂರು ವಾರ ರಜೆಯಲ್ಲಿದ್ದರು. ಕಪ್ಪು ಕನ್ನಡಕ. ನನ್ನ ವಿಜಯ ತೋರಿಸಲು ಬಾಲ್ಕನಿಗೆ ಕರೆದೊಯ್ದೆ.

"ಈ ಬೆಸುಗೆ ಯಾರ ತಲೆ?"

"ನನ್ನ ಅರ್ಜಿ."

"ಅರ್ಜಿರಾಯರೇ, ನಡೆಯೋ ಎತ್ತಿನ ಕಾಲು ಕಟ್ಟಿದೀರಲ್ರೀ."

ಆಮೇಲೆ ವಿವರಿಸಿದರು. ಪೈಪಿನ ಒಂದು ತುದಿ ಕಾರ್ಖಾನೆಯ ಗೋಡೆಯಲ್ಲಿ ಬಿಗಿಯಾಗಿದೆ. ಅಲ್ಲಿಂದ ಈ ಕಂಬಕ್ಕೆ ನಲವತ್ತು ಮೀಟರ್. ಸ್ಟೀಮ್ ಹರಿದರೆ ಅಷ್ಟುದ್ದದ ಪೈಪು ಎಪ್ಪತ್ತೆರಡು ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೇ ಪಾದ ಜಾರಬೇಕು. ಕಿರುಚಾಟ ಆ ಜಾರುವಿಕೆಯದು. ಈಗ ಜಾರಲಾಗದೆ ಕಂಬವನ್ನೇ ತಳ್ಳುತ್ತಿದೆ.

ಇಳಿದು ನೋಡಿದೆವು. ಬುಡದ ಕಾಂಕ್ರೀಟು ಬಿರುಕು ಬಿಟ್ಟಿದೆ, ಬೆರಳು ತೂರುವಷ್ಟು. ಎರಡು ಸೋಮವಾರದ ಕೆಲಸ. ಇನ್ನೊಂದನ್ನು ಕಂಬ ತಡೆಯಲಾರದಂತೆ. ಅದರಡಿಯಲ್ಲೇ ಆರೂವರೆ ಬಸ್ಸಿಗೆ ಬೀದಿಯೆಲ್ಲ ನಿಲ್ಲುತ್ತದೆ. ಅಕ್ಕನೂ.

ಕಬ್ಬಿಣ ಬೆಳೆಯುತ್ತದೆ! ಹಳಿಗಳ ನಡುವೆ ಸಂದು ಯಾಕೆಂದು ಓದಿ ಗೊತ್ತು. ಮೂಗಿನ ಮುಂದಿನ ಪೈಪೂ ಹಾಗೇ ಎಂದು ಹೊಳೆಯಲಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ.

ಮಾರ್ಚ್ 15, ಶುಕ್ರವಾರ

ಕಾರ್ಖಾನೆಗೆ ಹೋಗಿ ಬೆಸುಗೆ ಬಿಡಿಸಿ ಎಂದೆ. ಮ್ಯಾನೇಜರ್ ಫೈಲು ನನ್ನ ಕಡೆ ತಿರುಗಿಸಿದ.

"ಸಹಿ ನಿಮ್ಮದೇ ಅಲ್ವಾ ಸಾರ್?"

ನನ್ನ ಹನ್ನೊಂದು ಅರ್ಜಿಗಳ ಅಡಿಯಲ್ಲಿ ಭಾವನದೊಂದು ಚೀಟಿ, ಒಂಬತ್ತು ವರ್ಷ ಹಳೆಯದು: ಪಾದದಡಿ ನುಣುಪು ಹಾಳೆ ಹಾಕಿ, ಸಲೀಸಾಗಿ ಜಾರುತ್ತದೆ, ಸದ್ದೂ ನಿಲ್ಲುತ್ತದೆ. ಯಾರೂ ಓದಿಲ್ಲ. ಮೈ ಉರಿದುಹೋಯಿತು. ಹಾಳೆ ಬರಲು ಎರಡು ವಾರ. ಅಲ್ಲಿವರೆಗೆ ಸದ್ದು ಒಪ್ಪಿಗೆಯೆಂದು ಆ ನಲವತ್ತೂ ಜನ ಬರೆದುಕೊಟ್ಟರೆ ಮಾತ್ರ ಬೆಸುಗೆ ಬಿಡಿಸುತ್ತಾನಂತೆ. ಹನ್ನೆರಡನೇ ಅರ್ಜಿಯ ಭಯ ಅವನಿಗೆ!

ಮಾರ್ಚ್ 16, ಶನಿವಾರ

ಮನೆಮನೆ ಸುತ್ತಿದೆ. ಕೆಳಗಿನ ಮನೆಯ ಟೈಲರಮ್ಮ ಕತ್ತರಿ ಕೆಳಗಿಡದೆ ಕೇಳಿದರು:

"ಹೋದ ತಿಂಗಳು ಸದ್ದು ಬೇಡ ಅಂತ ಸಹಿ. ಈ ತಿಂಗಳು ಬೇಕು ಅಂತ. ಬರೋ ತಿಂಗಳು ಅದಕ್ಕೆ ಕುಣೀಬೇಕಾ?"

ಅವರದೇ ಟೇಪು ಮೇಜಿನ ಮೇಲೆ ಬಿಚ್ಚಿ ಎಪ್ಪತ್ತೆರಡು ಮಿಲಿಮೀಟರ್ ತೋರಿಸಿದೆ. ಬಿರುಕೂ ತೋರಿಸಿದೆ. ಸಹಿ ಹಾಕಿದ್ದಷ್ಟೇ ಅಲ್ಲ, ಜೊತೆಗೆ ಹೊರಟರು. ಸಂಜೆಗೆ ನಲವತ್ತು.

ಮಾರ್ಚ್ 17, ಭಾನುವಾರ. ಸಂಜೆ

ಗ್ರೈಂಡರ್‌ನಿಂದ ಬೆಸುಗೆ ಕೊಯ್ದರು. ಕಂಬಕ್ಕೆ ಊರುಗೋಲು, ಪಾದದಡಿ ಗ್ರೀಸು. ನಾಳೆ ಬಸ್ಸು ಮೂಲೆಯಲ್ಲಿ ನಿಲ್ಲುತ್ತದೆ. ಪಾದ ಎಷ್ಟು ಜಾರಿತೆಂದು ತಿಳಿಯಲು ಭಾವ ಅದರಡಿಯ ತೊಲೆಯ ಮೇಲೆ ಮಿಲಿಮೀಟರ್ ಅಂಕಿ ಸಮೇತ ಬಿಳಿ ಗೆರೆ ಎಳೆದಿದ್ದಾರೆ. ಅವರ ಕಣ್ಣಿಗೆ ದೂರದ ಅಂಕಿ ಇನ್ನೂ ಕಾಣದು. ಬಾಲ್ಕನಿಯಿಂದ ನಾನು ಓದಿ ಕೂಗಬೇಕು, ಅದಕ್ಕೆ ತಕ್ಕಂತೆ ಅವರು ವಾಲ್ವ್ ತಿರುಗಿಸುತ್ತಾರೆ.

ಮಾರ್ಚ್ 18, ಸೋಮವಾರ

6.05 — ಹತ್ತು.

6.12 — ಇಪ್ಪತ್ತೆಂಟು. ಕಿರುಚುತ್ತಿದೆ. ಕಿರುಚಲಿ.

6.18 — ಮೂವತ್ತೊಂದು.

6.21 — ಮೂವತ್ತೊಂದೇ. ಕಂಬ ನಡುಗಿತು. ಬೆಸುಗೆಯ ಗಂಟು ಉಳಿದಿದೆಯಾ? ಭಾವ ವಾಲ್ವ್ ತಗ್ಗಿಸಿದರು.

6.26 — ಜಾರಿತು. ನಲವತ್ತು. ನಲವತ್ತಾರು.

6.41 — ಅರವತ್ತೆಂಟು. ಕಂಬ ನೆಟ್ಟಗಿದೆ. ಬೀದಿಯೆಲ್ಲ ಕಿವಿ ಮುಚ್ಚಿಕೊಂಡು ನಗುತ್ತಿದೆ. ಭಾವ ಕೆಳಗಿಂದ — ಬರೆಯೋದು ಬಿಟ್ಟು ಕೂಗ್ರೀ, ಎಷ್ಟು?

ಎಪ್ಪತ್ತು. ಎಪ್ಪತ್ತೊಂ—