ಬಣ್ಣದ ಕೆಳಗಿನ ವೆಲ್ಡಿಂಗ್

ಅಪ್ಪಾ,

ನೀವಿಲ್ಲ, ಇದನ್ನು ಓದುವವರೂ ಇಲ್ಲ. ಆದರೂ ನಿಮಗೇ ಹೇಳಬೇಕೆನಿಸಿತು. ನಿನ್ನೆ ಚುಂಚನಕಟ್ಟೆಯ ನಾಲೆ ಏರಿಯ ಮೇಲೆ ನಿಮ್ಮ ಸೈಕಲ್ಲಿನಿಂದ ಬಿದ್ದೆ. ಎದುರು ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಕಲ್ಲಿಗೆ ಗುದ್ದಿದೆ. ಮೊಣಕೈ ತರಚಿತು, ಸೈಕಲ್ಲಿನ ಪೈಪು ಬಿರುಕು ಬಿಟ್ಟಿತು.

ಕೆ.ಆರ್. ನಗರದ ಸೈಕಲ್ ಅಂಗಡಿಯ ಶಂಕರ್ ಬಿರುಕಿನ ಸುತ್ತ ಬಣ್ಣ ಕೆರೆದು ನೋಡಿದ. "ಇದು ಮೊದ್ಲೇ ಒಂದ್ಸಲ ಮುರಿದು ವೆಲ್ಡಿಂಗ್ ಮಾಡ್ಸಿರೋದು ಕಣಕ್ಕ. ಅಗ್ಗದ ಸೈಕಲ್ಲು, ಇನ್ನು ರಿಪೇರಿ ಬ್ಯಾಡ. ಹೊಸದೇ ತಗಳಿ" ಅಂದ.

ನಾಳೆ ಹೇಳುತ್ತೇನೆಂದು ಸೈಕಲ್ಲನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೊಸ ಸೈಕಲ್ಲಿನ ಯೋಚನೆಯೇ ಬರಲಿಲ್ಲ. ನೀವು ಎಲ್ಲಿ ಬಿದ್ದಿರಿ? ಯಾರು ಎತ್ತಿದರು? ಗುರುತೇ ಸಿಗದಂತೆ ಬಣ್ಣ ಬಳಿದದ್ದು ನೀವೇನಾ? ಬಹಳ ನೋವಾಗಿತ್ತಾ? ಹೊಸದನ್ನೇ ಕೊಳ್ಳಬೇಕು, ನಿಜ. ಆದರೆ ನಿಮ್ಮದನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ.

ಮನೆಯಲ್ಲಿ ಅಮ್ಮ ನನ್ನ ಮೊಣಕೈ ನೋಡಿ ಏನಾಯಿತೆಂದು ಕೇಳಿದಳು. ಗಾಬರಿಯಾಗುತ್ತಾಳೆಂದು, ಗದ್ದೆ ಬದುವಿನಲ್ಲಿ ಜಾರಿದೆ ಎಂದೆ.

ಅಮ್ಮ ಅರಿಶಿನ ಹಚ್ಚುತ್ತಾ ಅಂದಳು: "ನಿಮ್ಮಪ್ಪನೂ ಒಂದಿನ ಅಂಗೇ ಅಂದಿದ್ರು. ನಮ್ ಗದ್ದೇಲಿ ಅಷ್ಟು ಜಾರೋ ಬದು ಎಲ್ಲದೆ ಅಂತ ನಂಗಿನ್ನೂ ಗೊತ್ತಾಗಿಲ್ಲ ಕಣವ್ವ."